ಊರಿನ ಬಾಯಿ ಕಾದ ಅಲೆಗೂಡು

ಗದಗ,
ಫೆಬ್ರವರಿ ೩೦, ೨೨೧೭

ಹೊಸ ರೌಟರ್ ಆರಿಸಲು ಕೂತಿರುವ ಅಂಗಡಿಯವರಿಗೆ,

ಮೇಲಿನ ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನೀವು ರೌಟರ್ ಎನ್ನುವುದನ್ನು ನಾವು ಅಲೆಗೂಡು ಎನ್ನುತ್ತೇವೆ. ಕೆಲಸ ಅದೇ, ಗೋಡೆಗೆ ತೂಗುಹಾಕುವುದೂ ಹಾಗೆಯೇ.

ನನ್ನ ಹೆಸರು ನೀಲಾಂಬಿಕೆ. ನಾನೂ ನನ್ನ ನಾದಿನಿ ಶಾಂಭವಿಯೂ ಸೇರಿ ಹಲ್ಲುಕಟ್ಟು ಮಾಡುವ ಸಣ್ಣ ಅಂಗಡಿ ನಡೆಸುತ್ತೇವೆ. ಈಗ ಜನ ನೂರು ದಾಟಿ ಬದುಕುವುದು ಸಾಮಾನ್ಯ, ಆದರೆ ಹಲ್ಲುಗಳು ಅಷ್ಟು ಕಾಲ ಬಾಳುವುದಿಲ್ಲ. ಹಾಗಾಗಿ ನಮಗೆ ಕೆಲಸ ತಪ್ಪಿದ್ದಿಲ್ಲ. ಬಿಸಿಲು ವಿಪರೀತವಾದ್ದರಿಂದ ನಮ್ಮ ಓಣಿ ನಸುಕಿಗೇ ತೆರೆದು, ಬಿಸಿಲೇರುವ ಹೊತ್ತಿಗೆ ಮುಚ್ಚಿ, ಸಂಜೆ ಮತ್ತೆ ತೆರೆಯುತ್ತದೆ. ಕೊಪ್ಪಳ, ರೋಣ, ನರಗುಂದದ ದಂತವೈದ್ಯರು ತಮ್ಮ ರೋಗಿಗಳ ಬಾಯಿಬಿಂಬವನ್ನು, ಅಂದರೆ ಬಾಯಿಯ ಒಳಗಿನ ಪೂರ್ತಿ ಚಿತ್ರವನ್ನು, ಅಲೆಗಳ ಮೇಲೆ ನಮಗೆ ಕಳಿಸುತ್ತಾರೆ. ಚಿಪ್ಪಿನ ಪುಡಿಯಿಂದ ಹಲ್ಲು ಮಾಡಿ, ಉಜ್ಜಿ, ಹೊಳಪು ಕೊಟ್ಟು ನಾವು ವಾಪಸು ಕಳಿಸುತ್ತೇವೆ.

ಇದರಲ್ಲಿ ಗುಟ್ಟೇನು ಎಂದು ನೀವು ಕೇಳಬಹುದು. ನಿಮ್ಮ ಕಾಲದಲ್ಲಿ ಹೆಬ್ಬೆರಳಿನ ಗುರುತು ಇದ್ದಂತೆ ನಮ್ಮಲ್ಲಿ ಬಾಯಿಗುರುತು. ಮನೆಯ ಬಾಗಿಲಲ್ಲಿರುವ ಸಣ್ಣ ಪಟ್ಟಿಯನ್ನು ಕಚ್ಚಿದರೆ ಬಾಗಿಲು ತೆರೆಯುತ್ತದೆ. ಪಿಂಚಣಿಯೂ ಹಾಗೆಯೇ ಬರುತ್ತದೆ, ಆಸ್ಪತ್ರೆಯ ಕಡತವೂ ಹಾಗೆಯೇ ಸಿಗುತ್ತದೆ. ಹಲ್ಲು ಬಿದ್ದವರಿಗೆ ಮೊದಲಿನ ಕಚ್ಚುವಿಕೆ ಕೂದಲೆಳೆಯಷ್ಟೂ ತಪ್ಪದಂತೆ ಕಟ್ಟಿಕೊಡುವುದೇ ನಮ್ಮ ಕಸುಬು. ಅಂದಮೇಲೆ ಸುತ್ತಲಿನ ಊರುಗಳ ಬಾಗಿಲುಗಳೆಲ್ಲ ನಮ್ಮ ಅಂಗಡಿಯ ಗೋಡೆಯ ಮೇಲಿನ ಒಂದು ಡಬ್ಬಿಯ ಮೂಲಕ ಹಾದು ಹೋಗುತ್ತವೆ ಎಂದಾಯಿತು.

ಕಳೆದ ಬೇಸಿಗೆಯಲ್ಲಿ ಆ ಡಬ್ಬಿ ಸತ್ತುಹೋಯಿತು. ವೈದ್ಯರ ಕರೆಗಳು ಶುರುವಾದವು. ಶಾಂಭವಿ ಊರಿನ ಅಂಗಡಿಗಳನ್ನೆಲ್ಲ ಸುತ್ತಿ ಬಂದಳು. ಒಂದು ಕಡೆ ದೊಡ್ಡ ಕಾರ್ಖಾನೆಗಾಗುವಂಥದ್ದಿತ್ತು, ನಮ್ಮ ಎರಡು ಕೋಣೆಗೆ ಅದು ಅತಿಯಾಯಿತು. ಇನ್ನೊಂದು ಕಡೆ ಯಾರೋ ಬಳಸಿ ಬಿಟ್ಟದ್ದಿತ್ತು, ಅದರೊಳಗೆ ಹಿಂದಿನವರು ಏನು ಬಿಟ್ಟುಹೋಗಿದ್ದಾರೋ ಎಂದು ನಾನು ಬೇಡವೆಂದೆ. ಅಷ್ಟರಲ್ಲಿ ಊರಜಾಲ ಎಂಬ ಕಂಪನಿಯ ಏಜೆಂಟ್ ಸೋಮಲಿಂಗ ಬಣಕಾರ ತಾನಾಗಿಯೇ ನಮ್ಮ ಬಾಗಿಲಿಗೆ ಬಂದ. ನಮ್ಮ ಅಲೆಗೂಡು ಕೆಟ್ಟಿದೆ ಎಂದು ಅವನಿಗೆ ಹೇಳಿದವರು ಯಾರು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

“ಅಕ್ಕಾರ, ಒಂದ್ ರೂಪಾಯಿನೂ ಬ್ಯಾಡ. ಗ್ವಾಡಿಗೆ ತೂಗುಹಾಕ್ರಿ, ಅಷ್ಟ ಸಾಕು,” ಎಂದ.

ಬಿಳಿ ಬಣ್ಣದ, ದುಂಡನೆಯ, ಚೆಂದದ ವಸ್ತು. ಸಂಕೇತಪದ ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆ. ನೀವು ನೆನಪಿಡುವ ತೊಂದರೆಯೇ ಇಲ್ಲ, ಕಂಪನಿಯೇ ನೆನಪಿಟ್ಟುಕೊಳ್ಳುತ್ತದೆ ಎಂದ. ಪುಕ್ಕಟೆ ಕೊಟ್ಟರೆ ಕಂಪನಿಯ ಹೊಟ್ಟೆ ತುಂಬುವುದು ಹೇಗೆ ಎಂದು ಕೇಳಿದ್ದಕ್ಕೆ ನಕ್ಕು, ನಿಮ್ಮ ಪ್ರೀತಿಯೊಂದಿದ್ದರೆ ಸಾಕು ಎಂದ. ನನಗೆ ಆ ನಗು ಹಿಡಿಸಲಿಲ್ಲ. ಆದರೆ ಶಾಂಭವಿಗೆ ನಿಂತುಹೋದ ಕೆಲಸದ ಚಿಂತೆ. ವೈದ್ಯರು ಬೇರೆ ಅಂಗಡಿ ಹುಡುಕಿಕೊಂಡರೆ ನನ್ನ ಅನುಮಾನ ಹೊತ್ತುಕೊಂಡು ಮನೆಯಲ್ಲಿ ಕೂರಬೇಕಾಗುತ್ತದೆ ಎಂದು ಜಗಳವಾಡಿ, ತಾನೇ ಮೊಳೆ ಹೊಡೆದು ಅದನ್ನು ತೂಗುಹಾಕಿದಳು.

ಅದರ ಮೂಲಕ ಹೋದ ಮೊದಲ ಬಾಯಿ ಮಡಿವಾಳಪ್ಪನವರದು. ಗಾಳಿಗಂಬಗಳ ರೆಕ್ಕೆ ತೊಳೆಯುವ ಕೆಲಸ ಮಾಡಿ ನಿವೃತ್ತರಾದವರು, ಹೆಂಡತಿಯೊಂದಿಗೆ ನಮ್ಮ ಹಿಂದಿನ ಓಣಿಯಲ್ಲೇ ಇದ್ದಾರೆ. ಉಳಿದ ನಾಲ್ಕಾರು ಹಲ್ಲುಗಳ ನಡುವೆ ಕೂರುವ ಅರ್ಧಕಟ್ಟು ಅವರಿಗೆ ಬೇಕಿತ್ತು. ಹತ್ತಿರದವರಾದ್ದರಿಂದ ಅವರ ಬಿಂಬವನ್ನು ನಾವೇ ತೆಗೆದು ಕಳಿಸಿದೆವು, ಅದು ಕೊಪ್ಪಳದ ವೈದ್ಯರಿಗೆ ಕ್ಷಣದಲ್ಲಿ ತಲುಪಿತು. ನೋಡಿದಿರಾ ಎಂಬಂತೆ ಶಾಂಭವಿ ನನ್ನ ಕಡೆ ತಿರುಗಿದಳು.

ನಾನು ನೋಡುತ್ತಿದ್ದದ್ದು ಬೇರೆಯದನ್ನು. ಮಧ್ಯಾಹ್ನ ಬಾಗಿಲು ಮುಚ್ಚಿ, ಯಂತ್ರಗಳನ್ನೆಲ್ಲ ಸುಮ್ಮನಾಗಿಸಿ ನಾವು ಒಳಗೆ ಅಡ್ಡಾಗಿರುವಾಗ ಆ ಬಿಳಿ ಡಬ್ಬಿಯ ಹಸಿರು ದೀಪ ಒಂದೇ ಸಮನೆ ಮಿಣುಕುತ್ತಿತ್ತು. ನಾವು ಕೆಲಸದಲ್ಲಿದ್ದಾಗಲೂ ಅದು ಅಷ್ಟು ಚುರುಕಾಗಿರುತ್ತಿರಲಿಲ್ಲ. ಯಾರೊಂದಿಗೆ ಮಾತಾಡುತ್ತಿದೆ ಇದು? ನಾನು ಅದರ ಮೇಲೆ ಒಂದು ಬಟ್ಟೆ ಮುಚ್ಚಿದೆ. ಬಟ್ಟೆ ಮುಚ್ಚಿದರೆ ಅಲೆ ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಮುಚ್ಚಿದೆ. ಅದರ ಮುಂದೆ ಮನೆಯ ಮಾತಾಡುವುದನ್ನೂ ಬಿಟ್ಟೆ. ಅಡುಗೆಮನೆಗೆ ಹೋಗಿ ಪಿಸುಗುಡುವ ನನ್ನನ್ನು ಕಂಡು ಶಾಂಭವಿಗೆ ರೋಸಿಹೋಯಿತು.

“ವೈನಿ, ನಿಮ್ಮ ಸಂಶಯ ಒಮ್ಮೆ ಮುಗದ ಹೋಗ್ಲಿ,” ಎಂದು ಹೇಳಿ ಪಕ್ಕದ ಮನೆಯ ಕಾಶಿಂಬಿಯ ಆಡನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದಳು.

ಆಡಿನ ಬಾಯಿ ಬಿಡಿಸಿ ಬಿಂಬ ತೆಗೆಯುವಷ್ಟರಲ್ಲಿ ಇಬ್ಬರ ಸೀರೆಯೂ ಹಾಳಾಯಿತು. ಗೌರವ್ವ ಎಂಬ ಹೆಸರು ಹಾಕಿ, ನಮ್ಮ ಕರೆಸಂಖ್ಯೆ ಬರೆದು, ಬಿಂಬವನ್ನು ನಮ್ಮ ಯಂತ್ರದಲ್ಲೇ ಇಟ್ಟೆವು. ಯಾವ ವೈದ್ಯರಿಗೂ ಕಳಿಸಲಿಲ್ಲ, ಯಾರಿಗೂ ಹೇಳಲಿಲ್ಲ. ವಾರ ಕಳೆಯುವ ಮುನ್ನ ಒಬ್ಬ ಹೆಣ್ಣುಮಗಳ ಕರೆ ಬಂತು. ಸಕ್ಕರೆಯಂಥ ದನಿ.

“ಗೌರವ್ವಾರ ಅದಾರೇನ್ರಿ? ಮ್ಯಾಲಿನ ಮುಂದಿನ ಹಲ್ಲು ಒಂದೂ ಉಳದಿಲ್ಲಂತಲ್ರಿ, ಪಾಪ. ನಮ್ಮಲ್ಲೆ ಚಲೋ ಹಲ್ಲುಕಟ್ಟು ಸಿಗ್ತಾವ.”

ಆಡಿಗೆ ಮೇಲಿನ ಮುಂದಿನ ಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ. ಶಾಂಭವಿ ಕರೆ ಕಡಿದಳು. ಸ್ಟೂಲು ಎಳೆದು ಹತ್ತಿ ಆ ಡಬ್ಬಿಯನ್ನು ಕಿತ್ತಳು. ಇಳಿದವಳೇ ಕೇಳಿದ್ದು ಒಂದೇ ಮಾತು. “ಮಡಿವಾಳಪ್ಪಜ್ಜಗ ಏನ್ ಹೇಳೂದು?”

ಬಣಕಾರನ ಸಂಖ್ಯೆಗೆ ಕರೆ ಮಾಡಿದರೆ ಅದು ಯಾರದೂ ಅಲ್ಲ ಎಂದು ಬಂತು. ಓಣಿಯ ದರ್ಜಿಗೂ ಕಿರಾಣಿಯವರಿಗೂ ಅವನು ಅದೇ ಬಿಳಿ ಡಬ್ಬಿ ಕೊಟ್ಟಿದ್ದ. ದರ್ಜಿ ಕೂಡಲೇ ಕಿತ್ತುಹಾಕಿದ. ಕಿರಾಣಿಯವರು ಮಾತ್ರ, ನಮ್ಮ ಬೇಳೆಕಾಳಿನ ಗುಟ್ಟು ಯಾರಿಗೆ ಬೇಕು ಎಂದು ಹಾಗೆಯೇ ಬಿಟ್ಟರು. ಅವರ ಅಂಗಡಿಗೆ ನಾನು ಈಗಲೂ ಬಾಯಿ ಬಿಗಿಹಿಡಿದೇ ಹೋಗುತ್ತೇನೆ.

ಹೊಸದನ್ನು ತರಲು ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಈ ಸಲ ಶಾಂಭವಿಯೇ ಮಾರುವವನನ್ನು ಕೂರಿಸಿಕೊಂಡು ಕೇಳಿದಳು. ಸಂಕೇತಪದವನ್ನು ನಾವೇ ಇಡಬಹುದೇ, ಮೊದಲೇ ಇರುವುದನ್ನು ಅಳಿಸಬಹುದೇ ಎಂದಳು. ಬಂದ ಗಿರಾಕಿಗಳಿಗೆ ಬೇರೆ ಅಲೆ, ನಮ್ಮ ಯಂತ್ರಗಳಿಗೆ ಬೇರೆ ಅಲೆ ಬೇಕೆಂದಳು. ಒಳಗಿನ ಲೋಪಗಳನ್ನು ಎಷ್ಟು ವರ್ಷ ತಿದ್ದಿಕೊಡುತ್ತೀರಿ ಎಂಬುದನ್ನು ಬರೆದುಕೊಡಲು ಹೇಳಿದಳು. ಯಾವುದು ಎಲ್ಲಿಗೆ ಹೋಗುತ್ತಿದೆ ಎಂದು ನಮಗೇ ತೋರಿಸುವಂಥದ್ದನ್ನು ಆರಿಸಿದೆವು. ಬೂದು ಬಣ್ಣದ, ಇಟ್ಟಿಗೆಯಂಥ ವಸ್ತು. ಅಂಗಡಿಯೊಳಗೆ ಅದು ಹರಡುವ ಅಲೆ ನಮ್ಮ ಕಟ್ಟೆಯ ಆಚೆ ದಾಟುವುದಿಲ್ಲ, ದಾಟುವ ಅಗತ್ಯವೂ ನಮಗಿಲ್ಲ.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಮಡಿವಾಳಪ್ಪನವರು ಹೆಂಡತಿಯೊಂದಿಗೆ ಸಂತೆಗೆ ಹೋಗಿ ಬಂದಾಗ ಮನೆಯ ಬಾಗಿಲು ತೆರೆದಿತ್ತು. ಏನೂ ಕಳುವಾಗಿರಲಿಲ್ಲ, ಒಂದು ಪಾತ್ರೆಯೂ ಅಲುಗಿರಲಿಲ್ಲ. ಅದೇ ಅವರನ್ನು ಹೆಚ್ಚು ಹೆದರಿಸಿತು. ಯಾರೋ ಬಂದು, ಬಾಗಿಲು ತೆರೆಯುತ್ತದೆಯೋ ಇಲ್ಲವೋ ಎಂದಷ್ಟೇ ನೋಡಿ ಹೋಗಿದ್ದರು. ಶಾಂಭವಿ ಅವರ ಮನೆಗೆ ಹೋಗಿ, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಬಾಯಿ ಬದಲಾಗದೆ ಗುರುತು ಬದಲಿಸಲು ಬಾಯಿಗುರುತು ದಾಖಲಿಸುವ ಕಚೇರಿಯವರು ಒಪ್ಪುವುದಿಲ್ಲ ಎಂಬುದನ್ನೂ ಹೇಳಿದಳು. ಮುದುಕರು ಉಳಿದ ಹಲ್ಲುಗಳನ್ನು ನಾಲಗೆಯಿಂದ ಒಮ್ಮೆ ಸವರಿಕೊಂಡರು.

“ಹಂಗಾರ ನನಗ ಬ್ಯಾರೆ ಬಾಯಿ ಮಾಡಿಕೊಡ್ರವಾ,” ಎಂದರು.

ವೈದ್ಯರು ಉಳಿದ ಹಲ್ಲುಗಳನ್ನು ಕಿತ್ತರು. ಜೀವಮಾನವಿಡೀ ಇದ್ದದ್ದನ್ನು ಇದ್ದಂತೆಯೇ ಕಟ್ಟುವ ಕೆಲಸ ಮಾಡಿದ ನಾವು, ಮೊದಲ ಬಾರಿಗೆ ಇಲ್ಲದ ಬಾಯೊಂದನ್ನು ಕಲ್ಪಿಸಿ ಕಟ್ಟಿದೆವು. ಅವರಿಗೆ ರೊಟ್ಟಿ ಅಗಿಯುವುದು ಬೇಗ ಒಗ್ಗಿತು. ಮಾತು ಮಾತ್ರ ಒಗ್ಗಲಿಲ್ಲ. ಹೆಂಡತಿಯ ಹೆಸರು ಸಿದ್ಧಲಿಂಗವ್ವ. ಹೊಸ ಹಲ್ಲುಗಳ ನಡುವಿನಿಂದ ಅದು ಸೀಟಿಯಂತೆ ಹೊರಡುತ್ತಿತ್ತು. ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು, ಬೆವರು ಒರೆಸಿಕೊಳ್ಳುತ್ತ, ಮತ್ತೆ ಮತ್ತೆ ಅದೊಂದೇ ಹೆಸರನ್ನು ಹೇಳಿ ನೋಡುತ್ತಿದ್ದರು. ನಾವು ಹಲ್ಲು ಉಜ್ಜಿ ಕೊಟ್ಟೆವು, ಮತ್ತೆ ಉಜ್ಜಿದೆವು. ಪಕ್ಕದಲ್ಲಿ ಕೂತಿದ್ದ ಆ ತಾಯಿ ಕೊನೆಗೆ ಗಂಡನ ಮೊಣಕಾಲ ಮೇಲೆ ಕೈಯಿಟ್ಟರು.

“ಇರ್ಲಿ ಬಿಡ್ರಿ. ಯಾರನ್ನ ಕರದ್ರಿ ಅಂತ ನನಗ ತಿಳೀತೈತಿ.”

ಇನ್ನೂರು ವರ್ಷ ಹಿಂದಿರುವ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಅಂಗಡಿಗೆ ಬರುವವರು ಅಲೆಗೂಡನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡಿ ಒಳಗೆ ಬರುತ್ತಾರೆ. ತಮ್ಮ ಹೆಸರು, ವಿಳಾಸ, ಕಾಯಿಲೆ, ಮಕ್ಕಳ ವಯಸ್ಸು ಎಲ್ಲವನ್ನೂ ಹೇಳುತ್ತಾರೆ. ಆದ್ದರಿಂದ ಡಬ್ಬಿಯನ್ನು ಗೋಡೆಗೆ ಹಾಕುವ ಮೊದಲು, ಇದು ನಾವಿಲ್ಲದಾಗ ಯಾರೊಂದಿಗೆ ಮಾತಾಡುತ್ತದೆ ಎಂದು ಮಾರುವವನನ್ನು ಕೇಳಿ. ಅವನು ಉತ್ತರ ಕೊಡದೆ ನಕ್ಕರೆ, ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ.

ಇಂತಿ,
ನೀಲಾಂಬಿಕೆ