ಹಲಗೆಗೆ ಅಂಟಿಹೋದ ಹೆಜ್ಜೆ

ಮಾವ,

ಬರ್ಕಂಡು ಕುಂತ್ರೆ ಎರಡು ಸಾಲಿಗೇ ನಂಗೆ ಕೈ ನೋಯ್ತದೆ. ಅದಕ್ಕೇ ಟೇಪ್‌ರೆಕಾರ್ಡರ್ ಮುಂದೆ ಕುಂತಿವ್ನಿ, ಕಾಗದ ಅಂತ್ಲೇ ತಿಳ್ಕೊ. "ಈ ನನ್ಮಗನ ಬಾಯಿಗೆ ಬೀಗ ಇಲ್ವಲ್ಲಪ್ಪಾ" ಅಂತಿದ್ದೆ ನೀನು. ನಂಗೆ ಐವತ್ತಾಯ್ತು, ಈಗ್ಲೂ ಇಲ್ಲ. ಬಾಬುರಾಯನಕೊಪ್ಪಲಲ್ಲಿ ಮಧ್ಯಾನ, ಮನೇಲಿ ಯಾರೂ ಇಲ್ಲ, ರೋಡಲ್ಲಿ ಮೈಸೂರು ಬಸ್ಸುಗಳ ಸದ್ದು. ಏಳ್ಬೇಕಾಗಿರೋದು ನಿನ್ನ ಚಿತ್ರದ ಟ್ರಂಕಿನ ವಿಷ್ಯ.

ಸಂತೆಬಾಚಹಳ್ಳಿ ಸಂತೆಯಿಂದ ನೀನು ಬತ್ತಿದ್ದುದು ಈಗ್ಲೂ ಕಣ್ಣಲ್ಲೈತೆ. ಎಲ್ರೂ ಬೆಲ್ಲ, ಮೆಣಸಿನಕಾಯಿ ತಂದ್ರೆ ನಿನ್ನ ಕಂಕುಳಲ್ಲಿ ಸುತ್ತಿದ ಡ್ರಾಯಿಂಗ್ ಶೀಟು, ಜೇಬಲ್ಲಿ ಬಣ್ಣದ ಪುಡಿ ಪೊಟ್ಣ. ಅತ್ತೆ ಬೈತಿದ್ಲು. ನೀನು ಬೇವಿನ ಅಂಟು ಕಲಸ್ಕಂಡು ಜಗುಲಿ ಮೇಲೆ ಕುಂತ್ರೆ ಎದ್ದೇಳ್ತಾನೇ ಇರ್ನಿಲ್ಲ. ಒಂದು ಕಡೆ ವೇಷದ ಮುಖ ಬರ್ದು ಒಣಗಾಕ್ಬುಟ್ಟು, ಒಣಗಿದ್ಮೇಲೆ ಮಗುಚಿ, ಇಂದ್ಗಡೆ ಅದೇ ವೇಷದ ಎಜ್ಜೆ. ಎಡಪಾದ ಎಲ್ಲಿ, ಬಲಪಾದ ಎಲ್ಲಿ, ಎಲ್ಲಿ ತಿರುಗ್ಬೇಕು, ಎಲ್ಲಾ ಕೆಂಪು ಪೆನ್ಸಿಲಲ್ಲಿ. "ಕಾಗದ ಉಳ್ಸಕ್ಕಾ ಮಾವ?" ಅಂದಿದ್ದಕ್ಕೆ, "ಲೇ, ಆಸಾಮಿ ಒಬ್ನೇ ಕಣ್ಲಾ. ಮುಖ ಒಂದ್ ಮನೇಲಿ, ಕಾಲೊಂದ್ ಮನೇಲಿ ಇಕ್ಕಕ್ಕಾಯ್ತದಾ?" ಅಂದೆ.

ಹೊಣಕೆರೇಲಿ ನಮ್ಮ ಮೂಡಲಪಾಯದ ಆಟ ಆಡ್ದಾಗ ನೀನು ದ್ರೌಪದಿ, ನಾನು ದುಶ್ಯಾಸನ. ಸ್ವಂತ ಸೋದರಮಾವನ ಜಡೆ ಇಡ್ದು ಎಳಿಯಕ್ಕೆ ನಂಗೆ ಕೈಯೇ ಬರ್ನಿಲ್ಲ. ನೀನು ಸೆರಗು ಸರಿ ಮಾಡ್ಕಳೋ ಅಂಗೆ ಬಗ್ಗಿ, "ಜೋರಾಗ್ ಎಳೀಲಾ ಮುಂಡೇದೆ, ನಾನೀಗ ನಿಮ್ಮಾವ ಅಲ್ಲ" ಅಂತ ಗದರಿಸ್ದೆ. ಮುಂದ್ಗಡೆ ಕುಂತಿದ್ದೋರೆಲ್ಲಾ ದ್ರೌಪದಿ ಶಾಪ ಆಕ್ತಾವ್ಳೆ ಅಂದ್ಕಂಡ್ರು. ಆದ್ರೆ ನೀನು ತೆರೆ ಸರ್ಸಿ ಬರೋವಾಗ ಕುಣೀತಿದ್ದೆಯಲ್ಲ, ಆ ಬರವು... ನಾನು ತೆರೆ ಇಂದೆ ನಿಂತಿರ್ತಿದ್ದೆ ಮಾವ. ನಿನ್ನ ಬೆನ್ನು ನೋಡಿದ್ದೇ ಜಾಸ್ತಿ. ಪಾದ ಎಲ್ಲಿ ನೋಡ್ಲಿ?

ನೀನು ತೀರ್ಕಂಡ್ಮೇಲೆ ಅತ್ತೆ ಪಾಂಡವಪುರಕ್ಕೆ, ಮಗಳ ಮನೆಗೆ ಬಂದ್ಲು. ಟ್ರಂಕಿಗೆ ಗೆದ್ಲು ಅತ್ತಕ್ಕೆ ಸುರುವಾಗಿತ್ತು. ಮೈಸೂರಿಂದ ಕಲಾವಿದರ ಕಾಗದಪತ್ರ ಕಾಪಾಡೋರು ಬಂದು ಕೇಳುದ್ರು, ಕೊಟ್ಬುಟ್ಲು. ಕೊಡದೆ ಇನ್ನೇನ್ ಮಾಡೋಳು? ಜೀಪು ತಿರುಗೋಗಂಟ ಬಾಗಿಲಲ್ಲೇ ನಿಂತಿದ್ಲು. "ಬುಡು, ನಿಮ್ಮಾವನ ಕುಣಿತ ಇನ್ನು ಸಾಯಕ್ಕಿಲ್ಲ" ಅಂದ್ಲು ನಂಗೆ.

ಓದ ತಿಂಗ್ಳು ಹೊಣಕೆರೆ ಉಡುಗ್ರು ನಾಕು ಜನ ಬಂದ್ರು, ಅದೇ ಆಟ ತಿರ್ಗಾ ಕಟ್ತೀವಿ, ದ್ರೌಪದಿ ಬರವು ಕಲ್ಸಿಕೊಡಣ್ಣ ಅಂತ. ನಂಗೆ ಎಷ್ಟು ಖುಷಿ ಆಯ್ತು ಅಂತೀಯ! ಮಾರ್ನೇ ದಿನಾನೇ ಮೈಸೂರ್‌ಗೆ ವೋದೆ. ನಿನ್ನ ಚಿತ್ರಗಳ್ಗೆ ಗಾಜು ಆಕಿ ಸಾಲಾಗಿ ಗೋಡೆಗೆ ತೂಗಾಕವ್ರೆ. ಕೆಳಗೆ ನಿನ್ನೆಸ್ರು, ಪಕ್ಕದಲ್ಲಿ "ಚಿತ್ರಕಾರ" ಅಂತ. ಕುಣಿತ ಅನ್ನೋ ಮಾತೇ ಇಲ್ಲ. ಅಲ್ಲೊಬ್ಬ ಅಮ್ಮ ಇದ್ಲು, ಒಳ್ಳೇವ್ಳು, ಕಾಪಿ ತರಿಸಿಕೊಟ್ಲು. ಇದನ್ನ ಸ್ವಲ್ಪ ಮಗುಚಿ ತೋರ್ಸಮ್ಮ ಅಂದೆ.

"ಶೀಟು ಬಾಗ್ತಿತ್ತು ಸಾರ್, ಅದಕ್ಕೆ ಹಲಗೆಗೆ ಅಂಟಿಸಿಬಿಟ್ವಿ. ಹಿಂದೆ ಏನೋ ಕೆಂಪು ಗೀಟಿತ್ತು, ಮನೆ ಮಕ್ಕಳು ಗೀಚಿರ್ಬೇಕು ಅಂದ್ಕೊಂಡ್ವಿ."

ಎಲ್ಲಾನೂವಾ ಅಂದೆ. ಎಲ್ಲಾನೂ ಅಂದ್ಲು.

ನಾನು ಎಜ್ಜೆ ವಿಷ್ಯ ಏಳ್ದಾಗ ಆಯಮ್ಮ ದಡಕ್ಕನೆ ಎದ್ಲು. ತಾನೇ ದುಶ್ಯಾಸನನ್ನ ಗೋಡೆಯಿಂದ ಇಳ್ಸಿ, ಒದ್ದೆ ಬಟ್ಟೆ ಇಟ್ಟು, ಒಂದು ಮೂಲೆ ಮೆತ್ತಗೆ ಬಿಡಿಸಕ್ಕೆ ನೋಡುದ್ಲು. ನಿನ್ನ ಬಣ್ಣ ನೀರು ತಡೀತದಾ ಮಾವ? ಅರ್ಧ ಮೀಸೆ ಬಟ್ಟೆಗೆ ಬಂತು. ಇಂದ್ಗಡೆ ಕಾಗದ ಅನ್ನದ ಗಂಜಿ ಅಂಗೆ ಮುದ್ದೆಯಾಗಿ, ಅದರೊಳ್ಗೆ ಒಂದು ಚೂರು ಕೆಂಪು. ಹಿಮ್ಮಡಿಯೋ, ಬೆರಳೋ... ಆಯಮ್ಮ ಬಟ್ಟೆ ಪಕ್ಕಕ್ಕಿಟ್ಲು. "ದ್ರೌಪದೀನೂ ಬಿಡಿಸ್ಲಾ ಸಾರ್? ನೀವು ಹೇಳ್ದಂಗೆ" ಅಂದ್ಲು. ಮುಖಾನಾದ್ರೂ ಇರ್ಲಿ, ಸಾಕು ಬುಡು ತಾಯಿ, ಅಂದ್ಬುಟ್ಟೆ. ಸರೀನಾ ಮಾವ? ಬೈತೀಯೇನೋ.

ಉಡುಗ್ರಿಗೆ ಏಳಿ ಕಳ್ಸಿದ್ದಕ್ಕೆ ಅವ್ರೇನು ಅಳ್ನಿಲ್ಲ. "ಓಗ್ಲಿ ಬುಡಣ್ಣ, ಆರ್ಕೆಸ್ಟ್ರಾ ಕರ್ಸ್ತೀವಿ" ಅಂದ್ರು. ಅಲ್ಲಿಗೆ ಮುಗೀತು. ಇನ್ಯಾರು ಕೇಳ್ಕಂಡು ಬಂದಾರು?

ಮೊನ್ನೆ ಪಾಂಡವಪುರಕ್ಕೆ ವೋಗಿದ್ದೆ. ಅತ್ತೆ ಸೊಪ್ಪು ಬಿಡಿಸ್ತಾ ಕುಂತಿದ್ಲು. ಕಣ್ಣು ಮಂಜಾಗೈತೆ, ಬಾಯಿ ಮಾತ್ರ ಅಂಗೇ ಐತೆ. "ಬದ್ರವಾಗವಾ ಅವು?" ಅಂದ್ಲು. ಗಾಜಾಕವ್ರೆ ಅತ್ತೆ, ಮ್ಯಾಲೆ ಲೈಟು ಬುಟ್ಟವ್ರೆ ಅಂದೆ. ಸುಳ್ಳೇನಲ್ವಲ್ಲ? ಎಷ್ಟು ನಗಾಡುದ್ಲು ಅಂತೀಯ. ಸೊಪ್ಪಿನ ಮೊರ ಮಗುಚಿ, ಅದ್ರ ಮ್ಯಾಲೆ ಬೆರಳಲ್ಲಿ ನಿನ್ನ ಬರವಿನ ತಾಳ ಬಡಿಯಕ್ಕೆ ಸುರು ಮಾಡುದ್ಲು. ಅಷ್ಟೂ ನೆಪ್ಪಿಟ್ಟವ್ಳೆ ಮಾವ, ಒಂದು ಬಡಿತ ತಪ್ನಿಲ್ಲ. "ಕುಣೀಲಾ, ನೋಡವಾ" ಅಂದ್ಲು. ಪಂಚೆ ಎತ್ತಿ ಕಟ್ಟಿ ಎದ್ದೆ. ಬಂದೆ, ಬಾಗ್ದೆ, ಒಂದ್ಸಲ ತಿರುಗ್ದೆ. ಆಮೇಲೆ ಕಾಲು ಅಲ್ಲೇ ನಿಂತೋಯ್ತು. ಅತ್ತೆ ಬೆರಳು ಮಾತ್ರ ಇನ್ನೊಂದು ಗಳಿಗೆ ಮುಂದಕ್ಕೋಗಿ, ಆಮೇಲೆ ಅದೂ ನಿಂತ್ಕಂತು.

"ಯಾಕ್ಲಾ ನಿಂತ್ಬುಟ್ಟೆ? ಮುಂದ್ಕೆ?"

"ಮುಂದ್ಕೆ ಬರಲ್ಲ ಅತ್ತೆ."

"ಅದಕ್ಯಾಕ್ ಮಕ ಸಣ್ಣಗ್ ಮಾಡ್ಕತೀಯ? ಮೈಸೂರಲ್ಲಿ ಐತಲ್ಲ, ನೋಡ್ಕಂಡ್ ಬಾ ಓಗು."

ಆಯ್ತು ಅತ್ತೆ, ಸೋಮವಾರ ವೋಗಿ ಬತ್ತೀನಿ, ಅಂತ ಏಳ್ಬುಟ್ಟು ಬಂದಿವ್ನಿ ಮಾವ.