ತಾಂತ್ರಿಕ ಕಾರಣಗಳಿಂದ

ಮನೆಯಿಂದ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಸೊಂಟದ ನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಭಾರದ ಪಾತ್ರೆಗಳನ್ನು ಒಬ್ಬರೇ ಎತ್ತುವುದಿಲ್ಲವೆಂದು ಮಾತು ಕೊಟ್ಟಿದ್ದೀರಿ. ನಿಮಗೆ ನೆನಪಿದೆಯೋ ಇಲ್ಲವೋ, ನನಗಿದೆ. ಇಲ್ಲಿ ಅತ್ತೆ ಗಟ್ಟಿಯಾಗಿದ್ದಾರೆ. ಮಗಳ ಮುಂದಿನ ಹಲ್ಲು ಬಿದ್ದು ಹೊಸದು ಇಣುಕುತ್ತಿದೆ. ಫೋನು ಮೂರು ಮಾತಿಗೊಮ್ಮೆ ಕಡಿದುಹೋಗುವುದರಿಂದ, ನಿಮ್ಮ ಹಡಗು ಸೇರಲು ಹೊರಟಿರುವ ಮೆಕ್ಯಾನಿಕ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ದಂತವೈದ್ಯರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಬರೆಯುತ್ತಲೇ ಮನೆಖರ್ಚು, ವಿಮೆ, ಉಳಿತಾಯ ಅಂತ ಬ್ಲಾಗ್ ಶುರುಮಾಡಿದ್ದು ನಿಮಗೆ ಗೊತ್ತೇ ಇದೆ. ಮೊದಲ ವರ್ಷ ಓದುಗರೆಂದರೆ ನನ್ನ ತಂಗಿ ಮತ್ತು ದಾರಿ ತಪ್ಪಿ ಬಂದವರು. ಆಮೇಲೆ ಅತ್ತೆಯನ್ನೇ ಸಂಪಾದಕಿ ಮಾಡಿಕೊಂಡೆ. ಬರೆದದ್ದನ್ನು ಅವರಿಗೆ ಓದುವುದು, "ಏನೇ ಇದು, ತಲೆಬುಡ ಅರ್ಥ ಆಗ್ಲಿಲ್ಲ" ಅಂದರೆ ಅಳಿಸಿ ಮತ್ತೆ ಬರೆಯುವುದು. ಚಕ್ರಬಡ್ಡಿಯ ಲೇಖನದಲ್ಲಿ ನನ್ನನ್ನು ಸುಸ್ತು ಹೊಡೆಸಿದರು. ಜನ ಹಂಚಿಕೊಂಡಿದ್ದೂ ಅದನ್ನೇ. ಅದನ್ನು ಓದಿಯೇ ಉಳಿತಾಯದ ಆ್ಯಪ್ ನಡೆಸುವ ಕಂಪನಿಯೊಂದು ನನ್ನನ್ನು ಕರೆಯಿತು. ಗ್ರಾಹಕರಿಗೆ ಆನ್‌ಲೈನಿನಲ್ಲಿ ಬರೆಯುವ ಕೆಲಸ; ಒಂದು ತಿಂಗಳು ಪರೀಕ್ಷೆ, ಒಪ್ಪಿಗೆಯಾದರೆ ಖಾಯಂ. ಕ್ಲಿನಿಕ್ ಬಿಟ್ಟು ಹೋದೆ.

ಎರಡನೆಯ ವಾರವೇ, ಗ್ರಾಹಕರು ಹಿಂದಕ್ಕೆ ಕೇಳಿದ ಹಣ ಅವರ ಖಾತೆಗೆ ಹೋಗದೆ ನಿಂತುಬಿಟ್ಟಿತು. ಮ್ಯಾನೇಜರು, "ತಾಂತ್ರಿಕ ಕಾರಣಗಳಿಂದ ವಿಳಂಬ ಅಂತ ಹಾಕ್ಬಿಡಿ ಮೇಡಂ" ಅಂದರು. ವಿಚಾರಿಸಿದರೆ ಯಂತ್ರದ ತಪ್ಪೇನೂ ಇರಲಿಲ್ಲ. ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿಯಲ್ಲಿ ನಮ್ಮವರೇ ಬ್ಯಾಂಕಿಗೆ ಹಳೆಯದನ್ನು ಕಳಿಸಿದ್ದರು. ಹಣ ಭದ್ರವಾಗಿತ್ತು, ಶುಕ್ರವಾರ ಎಲ್ಲರಿಗೂ ಸೇರುವುದಿತ್ತು. ಅಷ್ಟನ್ನೇ ಬರೆದು ತೋರಿಸಿದೆ. "ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೊಳ್ಳೋದಾ?" ಎಂದು ಮ್ಯಾನೇಜರು ಅದನ್ನು ಬದಿಗಿಟ್ಟು ತಮ್ಮ ಸಾಲನ್ನೇ ಹಾಕಿಸಿದರು. ಮಧ್ಯಾಹ್ನದೊಳಗೆ ಕಂಪನಿ ಮುಳುಗಿತೆಂಬ ಗುಲ್ಲೆದ್ದಿತು. ಫೋನುಗಳು ಬಾಯಿ ಮುಚ್ಚಲಿಲ್ಲ. ಕರೆ ತೆಗೆದುಕೊಳ್ಳುವ ಹುಡುಗಿಯೊಬ್ಬಳು ಬೈಗುಳ ತಾಳಲಾರದೆ ಎದ್ದುಹೋದಾಗ ಅವಳ ಜಾಗದಲ್ಲಿ ನಾನು ಕೂತೆ. "ಮಗಳ ಫೀಸಿನ ದುಡ್ಡು ಕಣಮ್ಮಾ. ಇದೆಯೋ ಹೋಯ್ತೋ, ಅಷ್ಟು ಹೇಳು" ಅಂದರು ಒಬ್ಬಾಕೆ. ಕೆಲಸ ಹೋದರೆ ಹೋಗಲಿ ಎಂದುಕೊಂಡು, "ಇದೆ. ತಪ್ಪು ನಮ್ಮದು. ಶುಕ್ರವಾರ ಬರುತ್ತೆ" ಅಂದೆ. ಆಕೆ ಉಸಿರು ಬಿಟ್ಟದ್ದು ಕೇಳಿಸಿತು, ಫೋನಿಟ್ಟರು. ಪಕ್ಕದ ಹುಡುಗಿಯರೂ ಅದನ್ನೇ ಹೇಳತೊಡಗಿದರು. ಹಿಂದೆ ನಿಂತಿದ್ದ ಮ್ಯಾನೇಜರು ಎಲ್ಲವನ್ನೂ ಕೇಳಿಸಿಕೊಂಡರು. ಸಂಜೆಗೆ ನನ್ನ ಬರಹವನ್ನು ಹಾಕಿಸಿದರು, "ತಪ್ಪು ನಮ್ಮದು" ಎಂಬುದನ್ನು ಬಿಟ್ಟು. ಜಗಳವಾಡಿ ಅದನ್ನೂ ಸೇರಿಸಿದೆ.

ಹಣ ಹೇಳಿದ ದಿನವೇ ಸೇರಿತು. ನಿನ್ನೆ ನನ್ನನ್ನು ಖಾಯಂ ಮಾಡಿದರು. ಆದೇಶ ಕೊಡುವಾಗಲೂ ಮ್ಯಾನೇಜರ ಮುಖ ಗಂಟು ಹಾಕಿಕೊಂಡೇ ಇತ್ತು, ಕೊಟ್ಟರಲ್ಲ, ಸಾಕು. ಬ್ಲಾಗನ್ನೂ ಬಿಡುವುದಿಲ್ಲ, ಅಲ್ಲಿ ಕಂಪನಿಯನ್ನು ಹೊಗಳುವುದಿಲ್ಲವೆಂದು ಮೊದಲೇ ಹೇಳಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ, ಊರಿಗೆಲ್ಲ ಬಡಿಸಿ ನೀವು ಉಪವಾಸ ಬೀಳಬೇಡಿ. ಅತ್ತೆಯ ಆಶೀರ್ವಾದ, ಮಗಳ ಮುತ್ತು ಈ ಕಾಗದದ ಜೊತೆಗಿವೆ.

ನಿಮ್ಮವಳು

ತಾ.ಕ.: ಮೆಕ್ಯಾನಿಕ್ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಹಡಗಿನ ಮುಂದಿನ ಒಪ್ಪಂದಕ್ಕೆ ಸಹಿ ಹಾಕಬೇಡಿ. ನನ್ನ ಸಂಬಳದಲ್ಲಿ ಬಾಡಿಗೆ, ಶಾಲೆ, ಔಷಧಿ ಎಲ್ಲ ನಡೆಯುತ್ತದೆ; ಕೈ ಬಿಗಿಯಾದೀತು, ಹೊಟ್ಟೆಗೆ ತೊಂದರೆಯಿಲ್ಲ. ಇಲ್ಲಿ ನಿಮಗೆ ಕೆಲಸ ಸಿಗುವುದು ತಡವಾದರೂ ಚಿಂತೆಯಿಲ್ಲ. ನೀವು ಮೊದಲು ಕೇಳುವುದು ದುಡ್ಡಿನ ಮಾತನ್ನೇ ಎಂದು ಅದನ್ನು ಮೊದಲು ಬರೆದೆ. ನಾನು ಹೇಳಬೇಕಿದ್ದದ್ದು ಇಷ್ಟೇ: ಸಾಕು, ಬಂದುಬಿಡಿ.