ಅಪ್ಪನ ಗದ್ದುಗೆಯ ಐರಿಸ್

ಕುರುಗೋಡು
೯ ಮಾರ್ಚ್ ೨೦೨೫

ಚಿರಂಜೀವಿ ಚನ್ನಬಸವರಾಜನಿಗೆ ನಿನ್ನ ಅವ್ವ ಹೊನ್ನೂರಮ್ಮ ಮಾಡುವ ಆಶೀರ್ವಾದಗಳು.

ನಾನೂ ನಿನ್ನ ತಂಗಿ ಅಕ್ಷತಾಳೂ ಇಲ್ಲಿ ಕ್ಷೇಮ. ನೀನು ಆ ಹಿಮದೊಳಗೆ ಕಾಲುಚೀಲ ಹಾಕಿಕೊಂಡು ಮಲಗುತ್ತೀಯೋ ಇಲ್ಲವೋ ಎಂಬುದೊಂದೇ ನನ್ನ ಯೋಚನೆ. ಸಂಕ್ರಾಂತಿಗೇ ಬರೆಯಬೇಕಿತ್ತು, ತಡವಾಯಿತು, ತಪ್ಪು ತಿಳಿಯಬೇಡ. ಹೂವು ಬಿಡುವವರೆಗೆ ಬರೆಯುವುದಿಲ್ಲವೆಂದು ಹಟ ಹಿಡಿದಿದ್ದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನೀನು “ಆರಾಮ ಅದೀನಿ ಅವ್ವ, ಡ್ಯೂಟಿ ಐತಿ” ಅಂದು ಇಟ್ಟುಬಿಡುತ್ತೀ. ಕಾಗದವನ್ನಾದರೆ ಕೊನೆಯ ಸಾಲಿನವರೆಗೂ ಓದಲೇಬೇಕು.

ಹೂವು ಬಿಟ್ಟಿತಪ್ಪ. ನಿಮ್ಮ ಅಪ್ಪ ಲಿಂಗೈಕ್ಯರಾಗಿ ವರ್ಷ ತುಂಬಿದ ದಿನ, ಹೊಲದಲ್ಲಿ ಅವರ ಗದ್ದುಗೆಯ ಮೇಲೆ, ಹಾಲಿನಂಥ ಬಿಳಿ ಹೂವು. ಪೂಜೆಗೆ ಬಂದ ಸ್ವಾಮಿಗಳು ಕೈಯಲ್ಲಿದ್ದ ವಿಭೂತಿಯನ್ನು ಹಾಗೇ ಹಿಡಿದು ನಿಂತರು. “ಇದ್ಯಾವ ಹೂವಮ್ಮ, ಈ ಸೀಮ್ಯಾಗ ನಾ ಕಂಡಿಲ್ಲ” ಅಂದರು. “ಐರಿಸ್ ಅಂತಾರ್ರಿ. ನನ್ನ ಮಗ ಕಾಶ್ಮೀರದಾಗ ದೇಶ ಕಾಯ್ತಾನ, ಅಲ್ಲಿಂದ ಕಳಿಸ್ಯಾನ. ಅಲ್ಲಿಯ ಮಂದಿ ಸಮಾಧಿ ಮ್ಯಾಲ ಇದನ್ನ ಹಚ್ತಾರಂತ” ಅಂದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ನನಗೆ ಸೊಕ್ಕು ಬಂದಿದೆ ಅಂತ ಊರಲ್ಲಿ ಆಡಿಕೊಳ್ಳುತ್ತಿದ್ದಾರೆ. ಬಂದಿರುವುದು ನಿಜ.

ಆದರೆ ಇದು ಸುಮ್ಮನೆ ಬಿಟ್ಟ ಹೂವಲ್ಲ. ನಿನ್ನ ಸೋದರಮಾವ ಎರ್ರಣ್ಣ ಶ್ರಾವಣದಲ್ಲಿ ಸಿರುಗುಪ್ಪದಿಂದ ಗಡ್ಡೆಗಳನ್ನು ತಂದ. ಅಳಿಯನ ಪಾರ್ಸೆಲ್ಲು ತನ್ನ ಮನೆಗೆ ಬಂತು ಅಂದ. ಅವತ್ತೇ ನನಗೊಂದು ಆಕಾಶನೀಲಿ ಸೀರೆಯನ್ನೂ ತಂದ. ಇಷ್ಟು ವರ್ಷ ಒಂದು ಕುಪ್ಪಸದ ತುಂಡು ತರದ ತಮ್ಮ ಸೀರೆ ತಂದನಲ್ಲ ಅಂತ ಬೆರಗಾದೆ. ಗದ್ದುಗೆಯ ಮೇಲೆ ಕಬ್ಬಿಣ ಆಡಿಸಬಾರದೆಂಬುದು ನಮ್ಮ ಮನೆತನದ ರೂಢಿ, ನಿನಗೆ ಗೊತ್ತಲ್ಲ. ಕಟ್ಟಿಗೆಯಿಂದ ಮಣ್ಣು ಸರಿಸಿ, ಎರಡು ಮಡಿ ಮಾಡಿ, ಗಡ್ಡೆಯ ಬೆನ್ನು ಬಿಸಿಲಿಗೆ ಕಾಣುವಂತೆ ಹಚ್ಚಿದೆವು.

ಮಳೆ ಬಿದ್ದದ್ದೇ ತಡ, ಕರಿಕಿ ಹುಲ್ಲು ಹಬ್ಬಿತು, ಜೇಕಿನ ಕಳೆ ಎದ್ದಿತು. ಕಳೆ ತೆಗೆಯುವ ಕುರ್ಚಿಗಿ ಹಾಕುವಂತಿಲ್ಲ, ಸಲಿಕೆ ಮುಟ್ಟಿಸುವಂತಿಲ್ಲ. ಕೈಯಿಂದ ಕಿತ್ತರೆ ಜೇಕಿನ ಗಡ್ಡೆ ಒಳಗೇ ಉಳಿದು ಮತ್ತಷ್ಟು ಮೊಳೆಯುತ್ತಿತ್ತು. ನಿನ್ನ ಐರಿಸ್ ಎಲ್ಲಿದೆಯೆಂದು ಹುಡುಕಬೇಕಾಯಿತು. ಪುಣ್ಯಸ್ಮರಣೆಯ ದಿನ ಅಪ್ಪನ ತಲೆಯ ಮೇಲೆ ಬರೀ ಕಳೆ ಇದ್ದರೆ ನಿನಗೇನು ಹೇಳಲಿ ಅಂತ ನನಗೆ ಊಟ ಸೇರುತ್ತಿರಲಿಲ್ಲ.

ಆಗ ಎರ್ರಣ್ಣ ಬೆನ್ನಿಗೆ ಕಳೆನಾಶಕದ ಪಂಪು ಕಟ್ಟಿಕೊಂಡು ಬಂದ. ಭತ್ತ ಬಿಟ್ಟರೆ ಲೋಕದಲ್ಲಿ ಬೇರೆ ಬೆಳೆಯಿಲ್ಲ ಅನ್ನುವ ಮನುಷ್ಯ. “ಎಲಿ ನೋಡಕ್ಕ, ಉದ್ದಕ ಕತ್ತಿ ಹಂಗ ಐತಿ, ಭತ್ತದ ಜಾತೀನ ಇದು. ಭತ್ತಕ್ಕ ಹೊಡಿಯೋ ಕಳಿ ಎಣ್ಣಿ ಹೊಡದ್ರ ಕಳಿ ಸಾಯ್ತಾವ, ಇದಕ್ಕ ಏನೂ ಆಗಂಗಿಲ್ಲ” ಅಂದ. ಒಂದು ಮಡಿಗೆ ಹೊಡೆದೂಬಿಟ್ಟ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ವಾರದೊಳಗೆ ಐರಿಸ್ ಎಲೆಗಳು ತಿರುಚಿಕೊಂಡು ನೆಲಕ್ಕೆ ಬಿದ್ದವು. ಕರಿಕಿ ಮಾತ್ರ ಹಸಿರಾಗಿ ನಗುತ್ತಿತ್ತು. ಅವನ ಎಣ್ಣೆ ಹುಲ್ಲಿನ ಜಾತಿಯನ್ನು ಬಿಟ್ಟು ಬೇರೆ ಗಿಡಗಳನ್ನು ಸುಡುವುದಂತೆ. ಎರ್ರಣ್ಣ ಆ ಮಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಿದ್ದ ಎಲೆಗಳನ್ನು ಒಂದೊಂದೇ ಎತ್ತಿ ನಿಲ್ಲಿಸಲು ನೋಡಿದ.

ಉಳಿದ ಮಡಿಯನ್ನು ಉಳಿಸಿದವಳು ಅಕ್ಷತಾ. ಬಳ್ಳಾರಿಯ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ಬರುವ ದಾರಿಯಲ್ಲಿ ತೋಟಗಾರಿಕೆ ಇಲಾಖೆಯವರನ್ನು ಹೋಗಿ ಕಂಡಳು, ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನೆಲ್ಲ ಓದಿದಳು. “ಮಾಮಾ, ಎಲಿ ಉದ್ದ ಇದ್ದ ಮಾತ್ರಕ್ಕ ಇದು ಹುಲ್ಲಲ್ಲ. ಹುಲ್ಲಷ್ಟೇ ಸಾಯೋ ಎಣ್ಣಿ ಬ್ಯಾರೆ ಐತಿ” ಅಂದು ತಂದು ಹೊಡೆದಳು. ಕರಿಕಿ ಒಣಗಿತು, ಐರಿಸ್ ಮಿಸುಕಲಿಲ್ಲ. ಜೇಕು ಅದಕ್ಕೂ ಬಗ್ಗಲಿಲ್ಲ. “ಇದರ ದಂಟು ಮುಟ್ಟಿ ನೋಡವ್ವ, ಮೂರು ಮೂಲಿ ಐತಿ. ಇದೂ ಹುಲ್ಲಲ್ಲ” ಅಂದಳು. ಜೇಕನ್ನು ಕೊಲ್ಲುವ ಎಣ್ಣೆ ತಗುಲಿದರೆ ಐರಿಸನ್ನೂ ಕೊಲ್ಲುತ್ತದಂತೆ. ಅದಕ್ಕೆ ನನ್ನ ಹಳೇ ಸೀರೆ ಸೀಳಿ ಐರಿಸ್ ಎಲೆಗಳನ್ನು ಜಡೆ ಕಟ್ಟಿದ ಹಾಗೆ ಮೇಲಕ್ಕೆ ಕಟ್ಟಿದೆವು. ಕೈಗೆ ಗ್ಲೌಸು, ಮೂಗಿಗೆ ಬಟ್ಟೆ. ಎಣ್ಣೆಯಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಒಂದೊಂದೇ ಜೇಕಿನ ಎಲೆ ಒರೆಸಿದಳು. ಮತ್ತೆ ಮೊಳೆತರೆ ಮತ್ತೆ ಒರೆಸಿದಳು. ಎರ್ರಣ್ಣ ಪ್ರತಿ ಭಾನುವಾರ ಬಂದು ಐರಿಸ್ ಕಟ್ಟಿ ಹಿಡಿದುಕೊಂಡು ಕೂರುತ್ತಿದ್ದ. ಅವನಿಂದ ಹಾಳಾದ ಮಡಿಗೆ ಇದರದೇ ಮರಿಗಡ್ಡೆ ಹಚ್ಚಿದ್ದೇವೆ. ಈಗ ಒಂದು ಮೂಲೆ ಬಿಟ್ಟರೆ ಗದ್ದುಗೆ ಮನೆಯಂಗಳದಷ್ಟು ಸ್ವಚ್ಛ.

ಅಪ್ಪನನ್ನು ಮಣ್ಣು ಮಾಡುವಾಗ ಹಿಮ ಬಿದ್ದು ನಿನ್ನ ದಾರಿ ಮುಚ್ಚಿತ್ತು. ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಅಕ್ಷತಾ ಹಾಕಿದಳು. “ಹೆಣ್ಮಗಳು ಹಾಕಬಹುದೇನು?” ಅಂತ ಗೊಣಗಿದವರೇ ಮೊನ್ನೆ ಹೂವಿನ ಮುಂದೆ ಫೋಟೊ ತೆಗೆಸಿಕೊಂಡರು. ಅಣ್ಣ ಕಳಿಸಿದ್ದನ್ನು ತಂಗಿ ಉಳಿಸಿದಳು. ಇಂಥ ಎರಡು ಮಕ್ಕಳ ತಾಯಿ ನಾನು. ಇದಕ್ಕಿಂತ ಹೆಚ್ಚು ನನಗೇನೂ ಬೇಡ.

ವೇಳೆಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಹೊನ್ನೂರಮ್ಮ

ತಾ.ಕ.: ಪುಣ್ಯಸ್ಮರಣೆಗೆ ಆ ನೀಲಿ ಸೀರೆಯನ್ನೇ ಉಟ್ಟಿದ್ದೆ. ನನಗೆ ಆಕಾಶನೀಲಿ ಇಷ್ಟವೆಂದು ಗೊತ್ತಿದ್ದವರು ಇಬ್ಬರೇ, ನಿಮ್ಮ ಅಪ್ಪ ಮತ್ತು ನೀನು. ಎರ್ರಣ್ಣನನ್ನು ಕೂರಿಸಿಕೊಂಡು ಕೇಳಿದೆ. ಅವನ ಮೇಲೆ ಸಿಟ್ಟಾಗಬೇಡ, ಅವನು ಅಳುತ್ತಲೇ ಹೇಳಿದ. “ಅಕ್ಕಾ, ಅಳಿಯ ಶ್ರಾವಣದಾಗ ಬಳ್ಳಾರಿ ತನಕ ಬಂದು ನನ್ನ ಅಲ್ಲಿಗೆ ಕರೆಸಿದ್ದ. ಬ್ರೂಸ್‌ಪೇಟ್ಯಾಗ ಸೀರಿ ತಗೊಂಡ. ಅಪ್ಪಗ ಮಣ್ಣು ಕೊಡಾಕ ಬರಲಾರದವ ಈಗ ಯಾವ ಮಾರಿ ತಗೊಂಡು ಬರ್ಲಿ ಅಂತ ಗಡ್ಡಿ, ಸೀರಿ ನನ್ನ ಕೈಯಾಗ ಕೊಟ್ಟು ತಿರುಗಿ ರೈಲು ಹತ್ತಿದ.”

ಎಷ್ಟೋ ದೂರದ ಕಾಶ್ಮೀರದಿಂದ ಬಂದವನಿಗೆ ಬಳ್ಳಾರಿಯಿಂದ ಕುರುಗೋಡು ದೂರವಾಯಿತೇ ಮಗನೇ? ಅಪ್ಪನ ತಲೆಯ ಕಡೆಯ ಮೂಲೆಯಲ್ಲಿ ಜೇಕು ಇನ್ನೂ ಹಾಗೇ ಇದೆ. ಅಕ್ಷತಾ ಕೇಳಿದರೂ ಮುಟ್ಟಲು ಬಿಟ್ಟಿಲ್ಲ, ಅದು ನಿನ್ನ ಪಾಲಿನದು. ಅರಿವೆ, ಗ್ಲೌಸು ತೆಗೆದಿಟ್ಟಿದ್ದೇನೆ. ಬಾ.